ಹಳೆಯ ಸೂಪರ್‌ಹೀರೋ ಮತ್ತು ಕಲ್ಟ್ ಚಿತ್ರಗಳ ಮರುವೀಕ್ಷಣೆ: ಯಾವ ಚಿತ್ರ, ಯಾವ ಪ್ರತಿ?

1978ರ ‘ಸೂಪರ್‌ಮ್ಯಾನ್’ ಚಿತ್ರವನ್ನು ಹಲವು ವರ್ಷಗಳ ನಂತರ ಮತ್ತೆ ನೋಡಲು ಕುಳಿತವರಲ್ಲಿ ಕೆಲವರಿಗೆ ವಿಚಿತ್ರ ಗೊಂದಲವೊಂದು ಎದುರಾಗುತ್ತದೆ: ಚೆನ್ನಾಗಿ ನೆನಪಿರುವ ದೃಶ್ಯವೊಂದು ಚಿತ್ರ ಮುಗಿದರೂ ಬರುವುದೇ ಇಲ್ಲ. ನೆನಪು ಕೈಕೊಟ್ಟಿತೆಂದು ಅವರು ಸುಮ್ಮನಾಗುತ್ತಾರೆ, ಆದರೆ ತಪ್ಪು ನೆನಪಿನದ್ದಾಗಿರಬೇಕಿಲ್ಲ. ಚಿತ್ರಮಂದಿರಗಳಲ್ಲಿ ತೆರೆಕಂಡ ಪ್ರತಿ 143 ನಿಮಿಷಗಳದ್ದು; 1982ರಲ್ಲಿ ಅಮೆರಿಕದ ಎಬಿಸಿ ವಾಹಿನಿ ಎರಡು ರಾತ್ರಿಗಳಲ್ಲಿ ಹಂಚಿ ಪ್ರಸಾರ ಮಾಡಿದ ಪ್ರತಿಯಾದರೋ ಕೈಬಿಟ್ಟಿದ್ದ ಹಲವು ದೃಶ್ಯಗಳನ್ನು ಸೇರಿಸಿಕೊಂಡು ಮೂರು ಗಂಟೆ ದಾಟಿತ್ತು. ಮೊದಲು ಟಿ.ವಿ.ಯಲ್ಲಿ ನೋಡಿದವರೂ ಮೊದಲು ಚಿತ್ರಮಂದಿರದಲ್ಲಿ ನೋಡಿದವರೂ ಒಂದೇ ಹೆಸರಿನ ಎರಡು ಬೇರೆ ಚಿತ್ರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬದುಕಿದ್ದಾರೆ.

ಹಳೆಯ ಚಿತ್ರವನ್ನು ಮತ್ತೆ ನೋಡುವಾಗ ಹೆಸರಿನಷ್ಟೇ ಪ್ರತಿಯನ್ನೂ ಆರಿಸಬೇಕೆನ್ನುವುದು ಇದರಿಂದ. ಅದಕ್ಕೂ ಮೊದಲು ನೋಡುಗರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಅಂದು ಸಿಕ್ಕ ಸಂತೋಷ ಮತ್ತೆ ಸಿಗಲಿ ಎಂದು ನೋಡುತ್ತಿದ್ದೇವೆಯೋ, ಅಂದು ಕಣ್ಣಿಗೆ ಬೀಳದಿದ್ದುದನ್ನು ಕಾಣಲು ನೋಡುತ್ತಿದ್ದೇವೆಯೋ? ಮೊದಲಿನ ಉದ್ದೇಶಕ್ಕೆ ಒಗ್ಗುವ ಚಿತ್ರ ಎರಡನೆಯದಕ್ಕೆ ಒಗ್ಗದಿರಬಹುದು. ಒಂದೇ ಚಿತ್ರ ಎರಡಕ್ಕೂ ಒಗ್ಗಿದಾಗಲೂ ಎರಡಕ್ಕೆ ಬೇಕಾದ ಪ್ರತಿ ಬೇರೆ ಬೇರೆಯಾಗಿರಬಹುದು.

ಎರಡು ಬಗೆಯ ಹಳತು

ಸೂಪರ್‌ಹೀರೋ ಚಿತ್ರ ಮತ್ತು ಕಲ್ಟ್ ಚಿತ್ರ (ಚಿಕ್ಕದಾದರೂ ನಿಷ್ಠೆಯ ಅಭಿಮಾನಿ ಬಳಗವಿರುವ ಚಿತ್ರ) ಎಂಬ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದ್ದರೂ ಇವೆರಡೂ ಹಳತಾಗುವ ರೀತಿ ಒಂದೇ ಅಲ್ಲ. ದೊಡ್ಡ ಸೂಪರ್‌ಹೀರೋ ಚಿತ್ರವೆಂದರೆ ತನ್ನ ಕಾಲದ ಎಲ್ಲರನ್ನೂ ಏಕಕಾಲಕ್ಕೆ ಮೆಚ್ಚಿಸಲು ಹೊರಟ ಚಿತ್ರ. ಅಂದಿನ ತಂತ್ರಜ್ಞಾನದ ತುತ್ತತುದಿಯನ್ನು ತೋರಿಸುವುದೇ ಅದರ ಆಕರ್ಷಣೆಯಾಗಿದ್ದುದರಿಂದ ಆ ತುದಿ ಮುಂದಕ್ಕೆ ಸರಿದೊಡನೆ ಚಿತ್ರದ ವಯಸ್ಸು ಬಯಲಾಗುತ್ತದೆ. ಕಲ್ಟ್ ಚಿತ್ರವನ್ನಾದರೋ ಅದರ ಕಾಲ ಸಾಮಾನ್ಯವಾಗಿ ಒಪ್ಪಿಕೊಂಡಿರುವುದೇ ಇಲ್ಲ. ‘ಬ್ಲೇಡ್ ರನ್ನರ್’ ಮತ್ತು ‘ದಿ ಥಿಂಗ್’ ಅಮೆರಿಕದಲ್ಲಿ ತೆರೆಕಂಡದ್ದು ಒಂದೇ ದಿನ, 1982ರ ಜೂನ್ 25ರಂದು. ಎರಡು ವಾರಗಳ ಹಿಂದಷ್ಟೇ ಬಂದಿದ್ದ ‘ಇ.ಟಿ.’ಯ ಮುದ್ದಾದ ಅನ್ಯಗ್ರಹ ಜೀವಿಗೆ ಮನಸೋತಿದ್ದ ಪ್ರೇಕ್ಷಕರಿಗೆ ಈ ಎರಡು ಕಹಿ ಚಿತ್ರಗಳು ರುಚಿಸಲಿಲ್ಲ. ಅವುಗಳನ್ನು ಮೇಲೆತ್ತಿದವರು ಮುಂದಿನ ವರ್ಷಗಳಲ್ಲಿ ವಿಡಿಯೊ ಕ್ಯಾಸೆಟ್ ತಂದು ಮನೆಯಲ್ಲಿ ಮತ್ತೆ ಮತ್ತೆ ನೋಡಿದ ಪ್ರೇಕ್ಷಕರು. ತನ್ನ ಕಾಲದೊಂದಿಗೆ ಜಗಳವಾಡಿದ ಚಿತ್ರ ಆ ಕಾಲದೊಂದಿಗೆ ಮುದಿಯಾಗುವುದು ಕಡಿಮೆ.

ಹಾಗೆಂದು ಕಲ್ಟ್ ಚಿತ್ರ ಸುರಕ್ಷಿತ ಆಯ್ಕೆ ಎನ್ನುವಂತಿಲ್ಲ. ಅದರ ತೊಂದರೆ ಅದರ ಕೀರ್ತಿ. ಇಪ್ಪತ್ತು ಮೂವತ್ತು ವರ್ಷ ಅಭಿಮಾನಿಗಳ ಹೊಗಳಿಕೆ ಕೇಳಿದ ಮೇಲೆ ಯಾವ ಚಿತ್ರವೂ ಆ ಹೊಗಳಿಕೆಯಷ್ಟು ಎತ್ತರಕ್ಕೆ ನಿಲ್ಲಲಾರದು.

ಸೂಪರ್‌ಮ್ಯಾನ್ ಅಥವಾ ಬ್ಯಾಟ್‌ಮ್ಯಾನ್

ಒಂದೇ ಚಿತ್ರಕ್ಕೆ ಸಮಯವಿದೆ, 1978ರ ‘ಸೂಪರ್‌ಮ್ಯಾನ್’ ನೋಡಲೇ, 1989ರ ‘ಬ್ಯಾಟ್‌ಮ್ಯಾನ್’ ನೋಡಲೇ ಎಂದು ಕೇಳುವವರಿಗೆ ನನ್ನ ಉತ್ತರ ಮೊದಲನೆಯದರ ಪರವಾಗಿದೆ. ಈ ಉತ್ತರ ಕೊಡುವಾಗ ನನಗೆ ಸ್ವಲ್ಪ ಆಶ್ಚರ್ಯವೂ ಆಗುತ್ತದೆ, ಏಕೆಂದರೆ ಹರೆಯದಲ್ಲಿ ನಾನು ಎರಡನೆಯದರ ಪಕ್ಷದವನಾಗಿದ್ದೆ.

ರಿಚರ್ಡ್ ಡಾನರ್ ನಿರ್ದೇಶಿಸಿದ ‘ಸೂಪರ್‌ಮ್ಯಾನ್’ ಚಿತ್ರದ ಹಾರಾಟದ ದೃಶ್ಯಗಳು ಇಂದಿನ ಕಣ್ಣಿಗೆ ಅಲ್ಲಲ್ಲಿ ಸಿಕ್ಕಿಬೀಳುತ್ತವೆ. ಜೋರಾನ್ ಪೆರಿಸಿಕ್ ರೂಪಿಸಿದ ವಿಶೇಷ ಪ್ರೊಜೆಕ್ಷನ್ ತಂತ್ರದಿಂದ ನಟನನ್ನೂ ಆಕಾಶವನ್ನೂ ಬೆಸೆದ ಗೆರೆ ಕೆಲವು ಶಾಟ್‌ಗಳಲ್ಲಿ ಕಾಣುತ್ತದೆ. ಆದರೂ ಆ ಹಾರಾಟವನ್ನು ನಾವು ನಂಬುತ್ತೇವೆ, ಮತ್ತು ನಂಬಿಕೆಯ ಮೂಲ ತಂತ್ರಕ್ಕಿಂತ ಹೆಚ್ಚಾಗಿ ನಾಯಕ ನಟ ಕ್ರಿಸ್ಟೋಫರ್ ರೀವ್ ಅವರ ದೇಹದಲ್ಲಿದೆ. ನಾಯಕಿ ಲೋಯಿಸ್ ಲೇನ್‌ಳ ಮನೆಯಲ್ಲಿ ಆಕೆ ಒಳಗೆ ಹೋದ ಕ್ಷಣದಲ್ಲಿ ಕ್ಲಾರ್ಕ್ ಕೆಂಟ್, ಅಂದರೆ ಸಾಮಾನ್ಯನ ವೇಷದಲ್ಲಿರುವ ಸೂಪರ್‌ಮ್ಯಾನ್, ಕನ್ನಡಕ ತೆಗೆದು, ಬೆನ್ನು ನೆಟ್ಟಗೆ ಮಾಡಿ, ಧ್ವನಿಯನ್ನು ಕೆಳಕ್ಕಿಳಿಸಿ, ನಿಜ ಹೇಳಿಬಿಡಲೇ ಎಂದು ಯೋಚಿಸಿ, ಮರುಕ್ಷಣದಲ್ಲೇ ಭುಜ ಕುಗ್ಗಿಸಿ ಮತ್ತೆ ಕ್ಲಾರ್ಕ್ ಆಗುವ ದೃಶ್ಯದಲ್ಲಿ ಯಾವ ಗ್ರಾಫಿಕ್ಸ್ ಕೂಡ ಇಲ್ಲ. ಬಾಲ್ಯದಲ್ಲಿ ಹಾರಾಟಕ್ಕಾಗಿ ಕಾದು ಕುಳಿತವರು ಈ ದೃಶ್ಯವನ್ನು ಗಮನಿಸಿರುವುದು ಅಪರೂಪ. ಮರುವೀಕ್ಷಣೆಯ ನಿಜವಾದ ಲಾಭ ಇಲ್ಲಿದೆ. ಜೆಫ್ರಿ ಅನ್ಸ್‌ವರ್ತ್ ಅವರ ಮಂಜು ಕವಿದಂತಹ ಮೃದು ಛಾಯಾಗ್ರಹಣವೂ ಜಾನ್ ವಿಲಿಯಮ್ಸ್ ಅವರ ಸಂಗೀತವೂ ಮಸುಕಾಗಿಲ್ಲ. ಮಸುಕಾಗಿರುವುದು ಖಳನಾಯಕನ ತಮಾಷೆಯ ಭಾಗ. ಜೀನ್ ಹ್ಯಾಕ್‌ಮನ್ ಎಷ್ಟೇ ಸೊಗಸಾಗಿ ನಟಿಸಿದರೂ ಆ ದೃಶ್ಯಗಳು ಬೇರೊಂದು ಚಿತ್ರದಿಂದ ತಂದು ಹೊಲಿದಂತೆ ತೋರುತ್ತವೆ.

ಟಿಮ್ ಬರ್ಟನ್ ಅವರ ‘ಬ್ಯಾಟ್‌ಮ್ಯಾನ್’ ನೋಡಲು ಕಾರಣವಾಗುವುದು ಅದರ ನಗರ. ಆಂಟನ್ ಫರ್ಸ್ಟ್ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ ಕಟ್ಟಿಸಿದ ಗಾಥಮ್ ನಗರದ ಸೆಟ್‌ಗೆ ಕಲಾ ನಿರ್ದೇಶನದ ಆಸ್ಕರ್ ಬಂತು, ಮತ್ತು ಇಂದಿಗೂ ಆ ಬೀದಿಗಳಲ್ಲಿ ನಡೆದಾಡಬಹುದು ಎನಿಸುವಷ್ಟು ತೂಕ ಅದಕ್ಕಿದೆ. ಆದರೆ ನಗರ ಬಿಟ್ಟು ಕತೆಯತ್ತ ಬಂದರೆ, ಶೀರ್ಷಿಕೆಪಟ್ಟಿಯಲ್ಲಿ ಮೊದಲ ಹೆಸರು ಜೋಕರ್ ಪಾತ್ರದ ಜ್ಯಾಕ್ ನಿಕಲ್ಸನ್ ಅವರದ್ದಾಗಿರುವುದು ಆಕಸ್ಮಿಕವಲ್ಲವೆಂದು ತಿಳಿಯುತ್ತದೆ. ನಾಯಕನ ರಬ್ಬರಿನ ಪೋಷಾಕು ಎಷ್ಟು ಬಿಗಿಯಾಗಿತ್ತೆಂದರೆ ಮೈಕೆಲ್ ಕೀಟನ್ ಕುತ್ತಿಗೆ ತಿರುಗಿಸಲಾಗದೆ ಮೈಯ ಮೇಲ್ಭಾಗವನ್ನೇ ಪೂರ್ತಿಯಾಗಿ ತಿರುಗಿಸುತ್ತಾರೆ. ಒಮ್ಮೆ ಗಮನಿಸಿದಿರೋ, ಮತ್ತೆ ಅದೊಂದೇ ಕಾಣುತ್ತಿರುತ್ತದೆ. ಆ ಪಾತ್ರದ ಮೇಲೆ ಪ್ರೀತಿಯಿದ್ದು, ಬರ್ಟನ್ ಅವರ ಕಲ್ಪನೆಯನ್ನು ಪೂರ್ಣವಾಗಿ ನೋಡಬಯಸುವವರು 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಆರಿಸುವುದು ಲೇಸು. ಆಟಿಕೆ ಮಾರುವವರಿಗೂ ಹೆತ್ತವರಿಗೂ ಅಂದು ಇರುಸುಮುರುಸು ತಂದ ಅದರ ವಿಕಾರ ಮತ್ತು ವಿಷಾದವೇ ಇಂದು ಅದನ್ನು ಜೀವಂತವಾಗಿಟ್ಟಿದೆ, ಮಿಶೆಲ್ ಫೈಫರ್ ಅವರ ಕ್ಯಾಟ್‌ವುಮನ್ ಅಂತೂ ಇಡೀ ಸರಣಿಗೆ ಕಳಶ.

ಇನ್ನೂ ಎರಡು ಬ್ಯಾಟ್‌ಮ್ಯಾನ್‌ಗಳನ್ನು ಮರೆಯಬಾರದು. ಆ್ಯಡಂ ವೆಸ್ಟ್ ನಟಿಸಿದ 1966ರ ಚಿತ್ರವನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ, ದೊಡ್ಡವರು ನಗುತ್ತ ನೋಡುತ್ತಾರೆ. ಶಾರ್ಕ್ ಓಡಿಸುವ ಸ್ಪ್ರೇ ಡಬ್ಬಿಯನ್ನು ಹೆಲಿಕಾಪ್ಟರಿನಲ್ಲಿ ಸಿದ್ಧವಾಗಿಟ್ಟುಕೊಂಡ ನಾಯಕನನ್ನು ಗಂಭೀರವಾಗಿ ತೆಗೆದುಕೊಳ್ಳಿ ಎಂದು ಆ ಚಿತ್ರ ಎಲ್ಲಿಯೂ ಕೇಳುವುದಿಲ್ಲ, ಹಾಗಾಗಿ ಅದು ಮೋಸ ಮಾಡುವುದೂ ಇಲ್ಲ. 1993ರ ಆ್ಯನಿಮೇಷನ್ ಚಿತ್ರ ‘ಮಾಸ್ಕ್ ಆಫ್ ದಿ ಫ್ಯಾಂಟಸಂ’ ಕೇವಲ 76 ನಿಮಿಷಗಳದ್ದು. ಬ್ಯಾಟ್‌ಮ್ಯಾನ್ ಮುಖವಾಡದ ಹಿಂದಿರುವ ಬ್ರೂಸ್ ವೇಯ್ನ್ ಸುಖವಾಗಿರುವ ಸಾಧ್ಯತೆ ಎದುರಾದಾಗ ಸತ್ತ ತಂದೆತಾಯಿಗೆ ಕೊಟ್ಟ ಮಾತು ಏನಾಗಬೇಕು ಎಂಬ ಪ್ರಶ್ನೆಯನ್ನು ನಟರಿದ್ದ ಅಂದಿನ ಯಾವ ಬ್ಯಾಟ್‌ಮ್ಯಾನ್ ಚಿತ್ರವೂ ಇಷ್ಟು ನೇರವಾಗಿ ಕೇಳಿಕೊಳ್ಳಲಿಲ್ಲ. ಸಮಯ ಕಡಿಮೆಯಿದ್ದವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆಯನ್ನು ನಾನು ಸೂಚಿಸಲಾರೆ.

ಒಂದೇ ಚಿತ್ರ, ಇಬ್ಬರು ನಿರ್ದೇಶಕರು

ಪ್ರತಿಯ ಆಯ್ಕೆ ಎಷ್ಟು ನಿರ್ಣಾಯಕವೆಂಬುದಕ್ಕೆ ‘ಸೂಪರ್‌ಮ್ಯಾನ್ 2’ ಉದಾಹರಣೆ. ಡಾನರ್ ಮೊದಲ ಮತ್ತು ಎರಡನೆಯ ಭಾಗಗಳನ್ನು ಒಟ್ಟಿಗೆ ಚಿತ್ರಿಸುತ್ತಿದ್ದರು; ಎರಡನೆಯ ಭಾಗದ ಬಹುಪಾಲು ಮುಗಿದ ಮೇಲೆ ನಿರ್ಮಾಪಕರೊಂದಿಗಿನ ವೈಮನಸ್ಯದಿಂದ ಹೊರಬಿದ್ದರು. ಅವರ ಜಾಗಕ್ಕೆ ಬಂದ ರಿಚರ್ಡ್ ಲೆಸ್ಟರ್ ಸಾಕಷ್ಟನ್ನು ಹೊಸದಾಗಿ ಚಿತ್ರಿಸಿ 1980ರಲ್ಲಿ ಚಿತ್ರವನ್ನು ತೆರೆಗೆ ತಂದರು. ಹ್ಯಾಕ್‌ಮನ್ ಮರುಚಿತ್ರೀಕರಣಕ್ಕೆ ಬರಲಿಲ್ಲವಾದ್ದರಿಂದ ಲೆಸ್ಟರ್ ಅವರ ಕೆಲವು ಶಾಟ್‌ಗಳಲ್ಲಿ ಖಳನಾಯಕ ಲೆಕ್ಸ್ ಲೂಥರ್ ಆಗಿ ಬೆನ್ನು ತೋರಿಸಿ ನಿಂತಿರುವವನು ಬೇರೊಬ್ಬ. ಮೂಲ ತುಣುಕುಗಳನ್ನು ಹುಡುಕಿ ಜೋಡಿಸಿದ ಡಾನರ್ ಆವೃತ್ತಿ ಬಂದದ್ದು 2006ರಲ್ಲಿ.

ಇವೆರಡರಲ್ಲಿ ಯಾವುದು? ಡಾನರ್ ಆವೃತ್ತಿಯಲ್ಲಿ ಸೂಪರ್‌ಮ್ಯಾನ್‌ನ ತಂದೆಯಾಗಿ ಮಾರ್ಲನ್ ಬ್ರಾಂಡೊ ಮರಳಿ ಬಂದಿದ್ದಾರೆ, ತಂದೆ ಮಗನ ನಡುವಿನ ಭಾಗಕ್ಕೆ ಘನತೆಯಿದೆ, ಅಗ್ಗದ ಹಾಸ್ಯ ಕಡಿಮೆ. ಕ್ಲಾರ್ಕ್‌ನ ಗುಟ್ಟನ್ನು ಲೋಯಿಸ್ ಬಯಲಿಗೆಳೆಯುವ, ಎಂದೂ ಚಿತ್ರಿಸದೆ ಉಳಿದಿದ್ದ ಮುಖ್ಯ ದೃಶ್ಯಕ್ಕೆ ರೀವ್ ಮತ್ತು ಲೋಯಿಸ್ ಪಾತ್ರದ ಮಾರ್ಗೊ ಕಿಡರ್ ಅವರ ಸ್ಕ್ರೀನ್ ಟೆಸ್ಟ್ ತುಣುಕನ್ನೇ ಬಳಸಿರುವುದರಿಂದ ನಾಯಕನ ಮೈಕಟ್ಟೂ ಕೇಶವಿನ್ಯಾಸವೂ ಶಾಟ್‌ನಿಂದ ಶಾಟ್‌ಗೆ ಬದಲಾಗುತ್ತವೆ, ಆದರೆ ಆ ದೃಶ್ಯದ ಬುದ್ಧಿವಂತಿಕೆ ಲೆಸ್ಟರ್ ಅವರ ನಯಾಗರಾ ಪ್ರಸಂಗಕ್ಕಿಲ್ಲ. ಡಾನರ್ ಆವೃತ್ತಿಯ ದೊಡ್ಡ ದೋಷ ಕೊನೆಯಲ್ಲಿದೆ: ಕಾಲವನ್ನು ಹಿಂದಕ್ಕೆ ತಿರುಗಿಸುವ ಅಂತ್ಯವನ್ನು ಮೊದಲ ಭಾಗಕ್ಕೆ ಆಗಲೇ ಬಳಸಿಬಿಟ್ಟಿದ್ದರಿಂದ ಎರಡು ಚಿತ್ರಗಳನ್ನೂ ಒಟ್ಟಿಗೆ ನೋಡುವವರು ಒಂದೇ ಉಪಾಯಕ್ಕೆ ಎರಡು ಸಲ ತಲೆಯಾಡಿಸಬೇಕಾಗುತ್ತದೆ. ಬಾಲ್ಯದ ಚಿತ್ರ ಬೇಕೆನ್ನುವವರು ಲೆಸ್ಟರ್ ಅವರ 127 ನಿಮಿಷಗಳ ಪ್ರತಿಯನ್ನೇ ನೋಡಬೇಕು. ಮೊದಲ ಸಲ ನೋಡುವವರಿಗೂ ಅದೇ ಸರಿ, ಏಕೆಂದರೆ ಅದು ಮುಗಿದ ಚಿತ್ರ. ಡಾನರ್ ಆವೃತ್ತಿಯು, ಎಷ್ಟೇ ಅಮೂಲ್ಯವಾದರೂ, ಒಂದು ಚಿತ್ರ ಏನಾಗಬಹುದಿತ್ತು ಎಂಬುದರ ಕರಡು.

‘ಬ್ಲೇಡ್ ರನ್ನರ್’ ವಿಷಯದಲ್ಲಿ ನನ್ನ ಸಲಹೆ ಇದಕ್ಕೆ ತದ್ವಿರುದ್ಧ. 1982ರ ಅಮೆರಿಕದ ಪ್ರತಿಯಲ್ಲಿ ಹ್ಯಾರಿಸನ್ ಫೋರ್ಡ್ ಅವರ ನಿರುತ್ಸಾಹದ ನಿರೂಪಣೆ ಹಿನ್ನೆಲೆಯಲ್ಲಿ ಕೇಳಿಸುತ್ತದೆ, ಕೊನೆಗೆ ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆದು ಉಳಿದಿದ್ದ ಬೆಟ್ಟಗುಡ್ಡಗಳ ದೃಶ್ಯಗಳನ್ನು ಅಂಟಿಸಿ ಸುಖಾಂತ್ಯ ಮಾಡಲಾಗಿದೆ. 1992ರ ನಿರ್ದೇಶಕರ ಆವೃತ್ತಿ ಎರಡನ್ನೂ ತೆಗೆದು ನಾಯಕ ಕಾಣುವ ಯೂನಿಕಾರ್ನ್ (ಒಂಟಿ ಕೊಂಬಿನ ಕುದುರೆ) ಕನಸನ್ನು ಸೇರಿಸಿತು. ರಿಡ್ಲಿ ಸ್ಕಾಟ್ ಪೂರ್ಣ ಹಿಡಿತದಲ್ಲಿ ಸಿದ್ಧಪಡಿಸಿದ್ದು 2007ರ ‘ಫೈನಲ್ ಕಟ್’. ಮೊದಲ ಸಲವಾದರೂ ಹತ್ತನೆಯ ಸಲವಾದರೂ ಇದನ್ನೇ ನೋಡಿ. ನಿರೂಪಣೆಯ ಧ್ವನಿ ಇಲ್ಲದಿದ್ದಾಗ ಮಳೆಯ ಸದ್ದಿಗೂ ವ್ಯಾಂಜೆಲಿಸ್ ಅವರ ಸಂಗೀತಕ್ಕೂ ಸಿಗುವ ಜಾಗ ಚಿತ್ರದ ಅರ್ಥವನ್ನೇ ಬದಲಿಸುತ್ತದೆ. ಆ ನಿರೂಪಣೆಯನ್ನು ಪ್ರೀತಿಸುವವರೂ ಇದ್ದಾರೆ. ಅವರು ಅದರೊಂದಿಗೇ ಬೆಳೆದವರು, ಅವರೊಡನೆ ವಾದಕ್ಕಿಳಿಯುವುದು ವ್ಯರ್ಥ.

1987ರ ‘ರೋಬೊಕಾಪ್’ ಚಿತ್ರದ ಸೆನ್ಸಾರ್ ಆಗದ ಪ್ರತಿ ಕೇವಲ ಕೆಲವು ಸೆಕೆಂಡುಗಳಷ್ಟು ಭಿನ್ನ. ಆದರೂ ಅದನ್ನೇ ಆರಿಸಬೇಕು, ಹೃದಯ ಗಟ್ಟಿಯಿದ್ದರೆ. ಸಭಾಕೊಠಡಿಯಲ್ಲಿ ಯಂತ್ರವೊಂದು ಉದ್ಯೋಗಿಯನ್ನು ಕೊಲ್ಲುವ ದೃಶ್ಯ ಮಿತಿಮೀರಿ ಮುಂದುವರಿದಾಗ ಅದು ಕರಾಳ ಹಾಸ್ಯವಾಗುತ್ತದೆ. ಕತ್ತರಿಸಿ ಚಿಕ್ಕದು ಮಾಡಿದಾಗ ಬರಿಯ ಕ್ರೌರ್ಯವಾಗಿ ಉಳಿಯುತ್ತದೆ. ಮಕ್ಕಳ ಪಾಲಿಗೆ ಯಾವ ಪ್ರತಿಯೂ ತಕ್ಕುದಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಆ ಚಿತ್ರದ ಆಟಿಕೆಗಳೂ ಕಾರ್ಟೂನ್ ಸರಣಿಯೂ ಬಂದಿದ್ದರಿಂದ ಹಲವರ ನೆನಪಿನಲ್ಲಿ ಅದು ಮಕ್ಕಳ ಚಿತ್ರವಾಗಿ ಉಳಿದುಬಿಟ್ಟಿದೆ.

ಬಣ್ಣದ ಲೋಕ, ಕತ್ತಲೆಯ ಲೋಕ

ಹಗುರವಾದ, ಬಣ್ಣಬಣ್ಣದ ಸಾಹಸ ಬೇಕಾದಾಗ ಎರಡು ಚಿತ್ರಗಳು ಎದುರೆದುರು ನಿಲ್ಲುತ್ತವೆ: 1980ರ ‘ಫ್ಲ್ಯಾಶ್ ಗಾರ್ಡನ್’ ಮತ್ತು 1991ರ ‘ದಿ ರಾಕೆಟೀರ್’. ಮೊದಲನೆಯದರಲ್ಲಿ ಕ್ವೀನ್ ತಂಡದ ಸಂಗೀತ, ಕೆಂಪು ಮತ್ತು ಚಿನ್ನದ ಬಣ್ಣದಲ್ಲಿ ಅದ್ದಿ ತೆಗೆದಂತಹ ಆಸ್ಥಾನ, ಅಲ್ಲಿ ನಾಯಕ ಶತ್ರುಗಳನ್ನು ಅಮೆರಿಕನ್ ಫುಟ್‌ಬಾಲ್ ಆಡಿದಂತೆ ಉರುಳಿಸುವ ಹೊಡೆದಾಟ. ನಾಯಕ ನಟನ ಮಾತಿನ ಬಹುಭಾಗ ಬೇರೊಬ್ಬರ ಧ್ವನಿಯಲ್ಲಿದೆ ಎಂಬುದು ತಿಳಿದ ಮೇಲೆ ಆತನ ಆ ಮರದಂತಹ ನಿಲುವಿಗೆ ಕಾರಣ ಅರ್ಥವಾಗುತ್ತದೆ. ಆತನ ಸುತ್ತ ಮಾಕ್ಸ್ ವಾನ್ ಸಿಡೊ ಮತ್ತು ಬ್ರಯನ್ ಬ್ಲೆಸ್ಡ್ ಅವರಂತಹ ನುರಿತವರು ಲವಲೇಶ ಸಂಕೋಚವಿಲ್ಲದೆ ಆಡುವುದೇ ಚಿತ್ರದ ಬಲ. 1934ರ ಕಾಮಿಕ್ಸ್‌ನಿಂದ ಹಾಗೆಯೇ ಎತ್ತಿಕೊಂಡ ಖಳನಾಯಕ ಪೂರ್ವ ಏಷ್ಯಾದವರ ವ್ಯಂಗ್ಯಚಿತ್ರದಂತಿರುವುದು ಮಾತ್ರ ಇಂದು ಚುಚ್ಚುತ್ತದೆ. ಹೊಸಬರಿಗೆ ತೋರಿಸುವಾಗ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು.

ಜೋ ಜಾನ್‌ಸ್ಟನ್ ಅವರ ‘ದಿ ರಾಕೆಟೀರ್’ 1938ರ ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಕತೆ. ತೆರೆಕಂಡಾಗಲೇ ಅದು ಹಳೆಯ ಕಾಲದ ನೆನಪಿನಲ್ಲಿ ಮುಳುಗಿದ್ದುದರಿಂದ ಈಗ ಹೊಸದಾಗಿ ಹಳತಾಗಲು ಅದಕ್ಕೆ ಏನೂ ಉಳಿದಿಲ್ಲ. ಅಂದು ನಿರೀಕ್ಷಿಸಿದಷ್ಟು ಗಳಿಕೆಯಾಗದೆ ಸರಣಿ ನಿಂತುಹೋಯಿತು. ಇಪ್ಪತ್ತು ವರ್ಷಗಳ ನಂತರ ಅದೇ ನಿರ್ದೇಶಕರಿಗೆ ‘ಕ್ಯಾಪ್ಟನ್ ಅಮೆರಿಕ’ದ ಮೊದಲ ಚಿತ್ರ ಒಪ್ಪಿಸಲಾಯಿತು. ಗೆಳೆಯರ ಗುಂಪಿಗೆ ‘ಫ್ಲ್ಯಾಶ್ ಗಾರ್ಡನ್’, ಮನೆಮಂದಿಗೆ ‘ದಿ ರಾಕೆಟೀರ್’ ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ಕತ್ತಲೆಯ ಬದಿಯಲ್ಲಿ ಮೂರು ಚಿತ್ರಗಳಿವೆ. ‘ದಿ ಶ್ಯಾಡೊ’ ಪಾತ್ರದ ಹಕ್ಕು ಸಿಗದೆ ಸ್ಯಾಮ್ ರೇಮಿ ತಾವೇ ಸೃಷ್ಟಿಸಿಕೊಂಡ ನಾಯಕನ ಚಿತ್ರ 1990ರ ‘ಡಾರ್ಕ್‌ಮ್ಯಾನ್’. ಲಿಯಮ್ ನೀಸನ್ ಅವರ ಮುಖ ಬಹುಪಾಲು ಪಟ್ಟಿಗಳಡಿ ಅಡಗಿದ್ದರೂ ಸಂಕಟ ತಲುಪುತ್ತದೆ. ರೇಮಿ ಅವರೇ ನಿರ್ದೇಶಿಸಿದ 2004ರ ‘ಸ್ಪೈಡರ್‌ಮ್ಯಾನ್ 2’ ಚಿತ್ರದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಲೋಹದ ಕೈಗಳು ಎಚ್ಚೆತ್ತು ವೈದ್ಯರ ಮೇಲೆರಗುವ ದೃಶ್ಯ ಎಲ್ಲಿಂದ ಬಂತೆಂದು ತಿಳಿಯಬೇಕಾದವರು ಈ ಎರಡನ್ನು ಒಂದಾದ ಮೇಲೊಂದರಂತೆ ನೋಡಬೇಕು. 1998ರ ‘ಬ್ಲೇಡ್’ ಚಿತ್ರದ ಆರಂಭದ ಹತ್ತು ನಿಮಿಷಗಳಲ್ಲಿ ಇಂದಿಗೂ ಮಿಂಚಿದೆ. ಕೊನೆಯ ಕಾಳಗದ ಕಂಪ್ಯೂಟರ್ ರಕ್ತವಾದರೋ ಸೋಪಿನ ಗುಳ್ಳೆಯಂತೆ ಕಾಣುತ್ತದೆ. ಕೈಯಿಂದ ಮಾಡಿದ ಬೊಂಬೆಗಿಂತ ಆರಂಭಕಾಲದ ಗ್ರಾಫಿಕ್ಸ್ ಬೇಗ ಮುಪ್ಪಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ‘ದಿ ಥಿಂಗ್’ ಚಿತ್ರಕ್ಕಾಗಿ ರಾಬ್ ಬಾಟಿನ್ ರಬ್ಬರು, ಲೋಳೆ, ತಂತಿಗಳಿಂದ ಮಾಡಿದ ವಿಕಾರಗಳು ಅದಕ್ಕಿಂತ 16 ವರ್ಷ ಹಿರಿಯವು, ಮತ್ತು ಇಂದಿಗೂ ನೋಡುಗರನ್ನು ಕುರ್ಚಿಯ ಹಿಂಬದಿಗೆ ಒತ್ತುತ್ತವೆ.

1994ರ ‘ದಿ ಕ್ರೋ’ ಚಿತ್ರವನ್ನು ಈ ತಕ್ಕಡಿಯಲ್ಲಿ ಇಡಲು ಮನಸ್ಸು ಬರುವುದಿಲ್ಲ. ನಾಯಕ ಬ್ರ್ಯಾಂಡನ್ ಲೀ 1993ರ ಮಾರ್ಚ್‌ನಲ್ಲಿ ಚಿತ್ರೀಕರಣದ ಬಂದೂಕಿನ ಅವಘಡದಲ್ಲಿ ತೀರಿಕೊಂಡರು. ಉಳಿದ ದೃಶ್ಯಗಳನ್ನು ಬದಲಿ ನಟರ ಮತ್ತು ಕಂಪ್ಯೂಟರ್ ತಂತ್ರದ ನೆರವಿನಿಂದ ಪೂರ್ಣಗೊಳಿಸಲಾಯಿತು. ಸತ್ತು ಎದ್ದು ಬಂದವನ ಕತೆಯಾದ್ದರಿಂದ ಆ ಸಾವು ಪ್ರತಿ ದೃಶ್ಯದ ಹಿಂದೆ ನಿಂತಿರುತ್ತದೆ. ಹಗುರ ಮನಸ್ಸಿನ ಸಂಜೆಗೆ ಇದು ಬೇಡ.

‘ದಿ ರಾಕಿ ಹಾರರ್ ಪಿಕ್ಚರ್ ಶೋ’ ಬಗ್ಗೆ ಒಂದೇ ಮಾತು. 1975ರಲ್ಲಿ ಸೋತ ಈ ಚಿತ್ರಕ್ಕೆ ಜೀವ ಬಂದದ್ದು ಮರುವರ್ಷ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದ ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ, ಪ್ರೇಕ್ಷಕರು ತೆರೆಗೆ ಎದುರುತ್ತರ ಕೊಡತೊಡಗಿದ ಮೇಲೆ. ಒಬ್ಬರೇ ಕುಳಿತು ನೋಡಿದರೆ ಆ ಎದುರುತ್ತರಕ್ಕಾಗಿ ಬಿಟ್ಟಂತಿರುವ ಮೌನಗಳು ಮಾತ್ರ ಕೇಳಿಸುತ್ತವೆ.

ತೆರೆಯ ಮೇಲಿನ ಚಿತ್ರ

ಚಿತ್ರವನ್ನೂ ಆವೃತ್ತಿಯನ್ನೂ ಆರಿಸಿದ ಮೇಲೆ ಅದರ ಚಿತ್ರಿಕೆಯ ಗುಣವನ್ನು ಗಮನಿಸಬೇಕು. ಹಳೆಯ ಚೌಕ ಟಿ.ವಿ.ಗಾಗಿ ಮಾಡಿದ ಪ್ರತಿಗಳಲ್ಲಿ ಅಗಲ ತೆರೆಯ ಚಿತ್ರದ ಎರಡೂ ಬದಿಗಳನ್ನು ಕತ್ತರಿಸಲಾಗುತ್ತಿತ್ತು. 2.39:1 ಅನುಪಾತದಲ್ಲಿ ಚಿತ್ರಿಸಿದ್ದನ್ನು 4:3 ಚೌಕಟ್ಟಿಗೆ ತುಂಬಿಸಿದಾಗ ಸುಮಾರು ಶೇ. 44ರಷ್ಟು ದೃಶ್ಯ ಕಳೆದುಹೋಗುತ್ತದೆ. ಕ್ಯಾಸೆಟ್ಟಿನಲ್ಲಿ ನೋಡಿ ಮೆಚ್ಚಿದ ‘ದಿ ಥಿಂಗ್’ ಚಿತ್ರವನ್ನು ಪೂರ್ಣ ಅಗಲದಲ್ಲಿ ನೋಡಿದಾಗ ನನಗೆ ಕಂಡದ್ದು ಕೊಠಡಿಯ ಅಂಚುಗಳಲ್ಲಿ ಸುಮ್ಮನೆ ನಿಂತ ಮನುಷ್ಯರು. ಯಾರನ್ನು ಅನುಮಾನಿಸಬೇಕೆಂಬ ಆಟವೇ ಆ ಅಂಚುಗಳಲ್ಲಿ ನಡೆಯುತ್ತಿತ್ತು, ನಾನು ಅಷ್ಟು ವರ್ಷ ಅದನ್ನು ನೋಡಿಯೇ ಇರಲಿಲ್ಲ.

ಹೊಸ ಪ್ರತಿ ಎಂದೊಡನೆ ಉತ್ತಮ ಪ್ರತಿ ಎಂದು ನಂಬುವುದೂ ತಪ್ಪು. ಫಿಲ್ಮಿನ ಮೇಲಿನ ಸಹಜ ಕಣಗಳನ್ನು ಕೊಳೆಯೆಂದು ಭಾವಿಸಿ ಅಳಿಸಿದರೆ ಅದರೊಂದಿಗೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆಗಳೂ ಅಳಿಸಿಹೋಗಿ ನಟರು ಮೇಣದ ಬೊಂಬೆಗಳಾಗುತ್ತಾರೆ. 2010ರಲ್ಲಿ ಬಂದ ‘ಪ್ರೆಡೇಟರ್’ ಬ್ಲೂ-ರೇ ಈ ಕಾರಣಕ್ಕೆ ಕುಖ್ಯಾತವಾಯಿತು. ಜೇಮ್ಸ್ ಕ್ಯಾಮರಾನ್ ಅವರ ‘ಏಲಿಯನ್ಸ್’ ಮತ್ತು ‘ಟ್ರೂ ಲೈಸ್’ ಚಿತ್ರಗಳ 2024ರ 4ಕೆ ಡಿಸ್ಕ್‌ಗಳ ಮೇಲೂ ಅಂತಹುದೇ ಆಕ್ಷೇಪ ಬಂತು. ಇದಕ್ಕಿಂತ ಸಾಮಾನ್ಯವಾದ ತೊಂದರೆ ನಮ್ಮ ಟಿ.ವಿ.ಯೊಳಗೇ ಇದೆ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರಕ್ಕೆ ನಡುವೆ ಕೃತಕ ಚೌಕಟ್ಟುಗಳನ್ನು ತುಂಬಿ ಚಲನೆಯನ್ನು ನುಣುಪಾಗಿಸುವ ಸೆಟ್ಟಿಂಗ್ ಅನೇಕ ಟಿ.ವಿ.ಗಳಲ್ಲಿ ಮೊದಲಿನಿಂದಲೇ ಚಾಲೂ ಇರುತ್ತದೆ, ಮತ್ತು ಅದು ಗಾಥಮ್ ನಗರವನ್ನು ಧಾರಾವಾಹಿಯ ಸೆಟ್‌ನಂತೆ ತೋರಿಸುತ್ತದೆ. ಆ ಸೆಟ್ಟಿಂಗನ್ನು ಬಂದ್ ಮಾಡಿ ನೋಡಿ. ಹೊಸ ಡಿಸ್ಕ್ ಕೊಳ್ಳುವ ಅಗತ್ಯವೇ ಇಲ್ಲವೆಂದು ಅನಿಸಲೂಬಹುದು.

ಆರಂಭದಲ್ಲಿ ಹೇಳಿದ ‘ಸೂಪರ್‌ಮ್ಯಾನ್’ ಟಿ.ವಿ. ಪ್ರತಿಯನ್ನು ಹುಡುಕುತ್ತಿರುವವರಿಗಾಗಿ ಒಂದು ಮಾತು ಉಳಿದಿದೆ. ಅದರ 188 ನಿಮಿಷಗಳ ರೂಪ 2017ರಲ್ಲಿ ಬ್ಲೂ-ರೇಯಲ್ಲಿ ಬಂದಿದೆ. ಚಿತ್ರವಾಗಿ ಅದು ಸಡಿಲ, ಬಿಟ್ಟ ದೃಶ್ಯಗಳಲ್ಲಿ ಹೆಚ್ಚಿನವನ್ನು ಬಿಟ್ಟದ್ದೇ ಸರಿಯೆಂದು ನೋಡಿದ ಮೇಲೆ ಅನಿಸುತ್ತದೆ. ಕಾಣೆಯಾದ ಆ ಒಂದು ದೃಶ್ಯ ಬರುವ ತನಕವಾದರೂ ಅದನ್ನು ನೋಡಿ, ಉಳಿದದ್ದಕ್ಕೆ 143 ನಿಮಿಷಗಳ ಪ್ರತಿಗೆ ಮರಳಿ.